ಅಪ್ಪನ ಗ್ರಿಲ್ ಅಂಗಡಿ ಬಿಟ್ಟು ಹೋಗಲಾ?

ಪ್ರಶ್ನೆ: ನನಗೆ 21 ವರ್ಷ. ಎಸ್ಸೆಸ್ಸೆಲ್ಸಿ ಆದಮೇಲೆ ಅರಸೀಕೆರೆಯಲ್ಲಿ ಅಪ್ಪನ ಗ್ರಿಲ್ ಅಂಗಡಿಯಲ್ಲೇ ವೆಲ್ಡಿಂಗ್ ಮಾಡುತ್ತಿದ್ದೇನೆ. ರಕ್ಷಣಾ ಕಾರ್ಖಾನೆಯಲ್ಲಿ ವೆಲ್ಡರ್ ಆಗುವಾಸೆ. ‘ಸ್ವಂತ ಅಂಗಡಿ ಬಿಟ್ಟು ಇನ್ನೊಬ್ಬರ ಕೈಕೆಳಗೆ ಯಾಕೆ’ ಅಂತ ಅಪ್ಪ ಮಾತು ಬಿಟ್ಟಿದ್ದಾರೆ. ಪರಿಚಯದವರೊಬ್ಬರು ಎರಡು ಲಕ್ಷ ಕೊಟ್ಟರೆ ಕೆಲಸ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಎರಡು ಲಕ್ಷದ ಮಾತು ಮುಗಿಸೋಣ. ಕೊಡಬೇಡಿ. ಸರ್ಕಾರಿ ಕಂಪನಿಗಳು ಜಾಹೀರಾತು ಕೊಟ್ಟು, ಪರೀಕ್ಷೆ ಮಾಡಿ ಜನ ತೆಗೆದುಕೊಳ್ಳುತ್ತವೆ. ನಡುವೆ ನಿಂತು ದುಡ್ಡು ಕೇಳುವವನಿಗೆ ಅಲ್ಲೇನೂ ಕೆಲಸವಿಲ್ಲ.

ಗುಬ್ಬಿ ಹತ್ತಿರ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತಲ್ಲ, ನಿಮ್ಮ ಕಣ್ಣೂ ಅದರ ಮೇಲೇ ಇರಬಹುದು. ಆದರೆ ಹೆಲಿಕಾಪ್ಟರ್ ಮೈಯಲ್ಲಿ ರಿವೆಟ್, ಅಂದರೆ ತಗಡು ಜೋಡಿಸುವ ಮೊಳೆ ಜಾಸ್ತಿ, ವೆಲ್ಡಿಂಗ್ ಕಡಿಮೆ. ವೆಲ್ಡರ್‌ಗೆ ಕೈತುಂಬ ಕೆಲಸ ಇರುವುದು ಕೊಚ್ಚಿ, ಗೋವಾ, ಮುಂಬೈ ಶಿಪ್‌ಯಾರ್ಡ್‌ಗಳಲ್ಲಿ, ಬೆಮೆಲ್‌ನಂಥ ಭಾರೀ ವಾಹನದ ಕಾರ್ಖಾನೆಗಳಲ್ಲಿ. ಅಂದರೆ ಊರು ಬಿಡಬೇಕಾಗುತ್ತೆ.

ನಿಮ್ಮ ಕೈ ಪಳಗಿದೆ, ನಿಜ. ಆದರೆ ಗೇಟಿನ ಜಾಯಿಂಟ್ ಉಬ್ಬಿದರೆ ಗ್ರೈಂಡರ್ ಹಿಡಿದು ರೆಡ್ ಆಕ್ಸೈಡ್ ಬಳಿದರೆ ಮುಗೀತು, ಅಲ್ವಾ? ಯುದ್ಧನೌಕೆಯ ಮುಖ್ಯ ಜಾಯಿಂಟ್‌ಗಳಿಗೆ ಎಕ್ಸ್-ರೇ ತೆಗೆಯುತ್ತಾರೆ. ಒಳಗೆ ಗಾಳಿಗುಳ್ಳೆ ಇದ್ದರೂ, ಸ್ಲ್ಯಾಗ್ (ರಾಡ್‌ನ ಲೇಪ ಕರಗಿ ಉಳಿಯುವ ಕಿಟ್ಟ) ಸಿಕ್ಕಿಕೊಂಡಿದ್ದರೂ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತೆ. ಮಿತಿ ಮೀರಿದ್ದರೆ ಕೆತ್ತಿ ತೆಗೆದು ಮತ್ತೆ ಹಾಕಬೇಕು. 6ಜಿ ಅಂತ ಒಂದು ಪರೀಕ್ಷೆ ಇದೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ. ಅದನ್ನು ತಿರುಗಿಸುವ ಹಾಗಿಲ್ಲ, ನೀವೇ ಬಗ್ಗಿ, ಕೂತು, ಕತ್ತೆತ್ತಿ ಸುತ್ತಲೂ ಹಾಕಬೇಕು. ಟಂಗ್‌ಸ್ಟನ್ ಕಡ್ಡಿ, ಆರ್ಗಾನ್‌ನಂಥ ಅನಿಲ ಬಳಸಿ ಮಾಡುವ ಟಿಗ್ ವೆಲ್ಡಿಂಗ್ ಕೂಡ ಕಲಿಯಿರಿ.

ಹಾಗಾಗಿ ಮೊದಲು ಐಟಿಐ ಸೇರಿ. ವೆಲ್ಡರ್ ಟ್ರೇಡ್ ಒಂದೇ ವರ್ಷ. ಆಮೇಲೆ ಅಪ್ರೆಂಟಿಸ್‌ಗೆ ಅರ್ಜಿ ಹಾಕಿ. ಅಪ್ಪನ ಸಮಸ್ಯೆಗೂ ಈ ವರ್ಷ ಉಪಯೋಗಕ್ಕೆ ಬರುತ್ತೆ. ಹತ್ತಿರದ ಐಟಿಐಗೆ ಮನೆಯಿಂದಲೇ ಹೋಗಿಬನ್ನಿ, ಸಂಜೆ ಅಂಗಡಿ ನೋಡಿ, ಒಬ್ಬ ಹುಡುಗನನ್ನು ಇಟ್ಟುಕೊಂಡು ನೀವೇ ಕೆಲಸ ಕಲಿಸಿ. ಅಪ್ಪನಿಗೆ ಕೋಪಕ್ಕಿಂತ ಭಯವೇ ಜಾಸ್ತಿ ಅಂತ ನನಗನಿಸುತ್ತೆ. ಒಪ್ಪಿಕೊಂಡ ಆರ್ಡರ್ ಮುಗಿಸಿಕೊಡೋರು ಯಾರು ಅನ್ನೋ ಚಿಂತೆ ಇರುತ್ತಲ್ಲ. ಸುಮ್ನೆ ‘ಇದೆಲ್ಲ ಬರೀ ಗೇಟಿನ ಕೆಲಸ’ ಅಂತ ಅವರೆದುರು ಹಗುರವಾಗಿ ಮಾತಾಡಬೇಡಿ. ರಾಡ್ ಹಿಡಿಯೋಕೆ ಕಲಿಸಿದ್ದು ಅವರೇ ತಾನೆ?

ಇನ್ನೊಂದು ವಿಷಯ, ಕಣ್ಣು. ಬರೀ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟ್ಯಾಕ್ (ತುಂಡುಗಳನ್ನು ಹಿಡಿದಿಡೋಕೆ ಹಾಕುವ ಚಿಕ್ಕ ವೆಲ್ಡ್) ಹೊಡೆಯುವ ಚಾಳಿ ಇದ್ದರೆ ಇವತ್ತೇ ಬಿಡಿ. ಕೆಲಸಕ್ಕೆ ಸೇರುವಾಗ ಮೆಡಿಕಲ್‌ನಲ್ಲಿ ಕಣ್ಣು ನೋಡುತ್ತಾರೆ. ವೆಲ್ಡಿಂಗ್ ಹೆಲ್ಮೆಟ್ ಎರಡು ತನ್ನಿ, ಅಪ್ಪನಿಗೂ ಬೇಕು.