ಕ್ಯಾರವಾನ್‌ಗೆ ಕಲ್ಲು ಹೊಡೆಯೋದು ನಿಮ್ಮ ಕಾರೇ

ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು ವರ್ಷವಾಯಿತು, ಕಾರಿನ ಹಿಂದೆ ಎಳೆಯುವ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಕೊಂಡಿದ್ದೀವಿ, ಜುಲೈ ರಜೆಯಲ್ಲಿ ಮಕ್ಕಳಿಗೆ ದೇಶದ ನಡುವಿನ ಊಲೂರೂ ಬಂಡೆ ತೋರಿಸಬೇಕು ಅಂತ ಬರೆದಿದ್ದೀರಿ. ಒಬ್ಬರು ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣು ರಸ್ತೆ ಹಿಡಿಯಿರಿ ಅಂದರಂತೆ. ಇನ್ನೊಬ್ಬರು ಕಲ್ಲು ಬಡಿದು ಕ್ಯಾರವಾನ್ ಮುಖ ಹೋಗುತ್ತೆ, ಮೊದಲು ಬಾಲ್ ಹಿಚ್ (ಕ್ಯಾರವಾನನ್ನು ಕಾರಿಗೆ ಸಿಕ್ಕಿಸುವ ಗುಂಡಿನ ಕೊಂಡಿ) ಕಿತ್ತು ಹಾಕಿ ಅಂದರಂತೆ. ಇಬ್ಬರೂ ನಿಮ್ಮ ಕ್ಯಾರವಾನ್ ನೋಡಿಲ್ಲ ಅಲ್ವಾ? ನಾನೂ ನೋಡಿಲ್ಲ. ಆದರೂ ಇಷ್ಟು ವರ್ಷ ಇಲ್ಲಿ ಎಳೆದುಕೊಂಡು ಓಡಾಡಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ದಾರಿ ಗೊತ್ತು ಮಾಡಿಕೊಳ್ಳಿ, ಸಾಮಾನಿನ ಮಾತು ಆಮೇಲೆ. ಪೋರ್ಟ್ ಅಗಸ್ಟಾದಿಂದ ಸ್ಟುವರ್ಟ್ ಹೈವೇ, ಅರ್ಲ್ಡಂಡಾದಲ್ಲಿ ಎಡಕ್ಕೆ ತಿರುಗಿದರೆ ಲ್ಯಾಸೆಟರ್ ಹೈವೇ. ಊಲೂರೂ ತನಕ ಪೂರ್ತಿ ಡಾಂಬರು. ಕಿಂಗ್ಸ್ ಕ್ಯಾನ್ಯನ್‌ಗೆ ಹೋಗುವ ಲುರಿಟ್ಜಾ ರಸ್ತೆಯೂ ಡಾಂಬರೇ. ಈ ದಾರಿಗೆ ನಿಮ್ಮ ಬಾಲ್ ಹಿಚ್ ಧಾರಾಳ ಸಾಕು. ಊಡ್ನಡಾಟಾ ಟ್ರ್ಯಾಕ್ ಬೇರೆ ಕಥೆ. ಮರ್ರೀಯಿಂದ ಮಾರ್ಲಾ ತನಕ ಸುಮಾರು 620 ಕಿ.ಮೀ. ಜಲ್ಲಿ, ಧೂಳು, ಅಲೆಅಲೆಯಾಗಿ ಎದ್ದ ನೆಲ. ಒಂದು ಜೋರು ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದರೆ ದಂಡ ಬೀಳುತ್ತದೆ. ಮೊದಲ ಸಲಕ್ಕೆ, ಅದೂ ಚಿಕ್ಕ ಮಕ್ಕಳ ಜೊತೆ, ನಾನಾದರೆ ಹೈವೇ ಬಿಟ್ಟು ಹೋಗುವುದಿಲ್ಲ.

ಹಾಗಂತ ಡಾಂಬರಿನಲ್ಲಿ ಕಲ್ಲಿನ ಕಾಟ ಇಲ್ಲ ಅಂದುಕೊಳ್ಳಬೇಡಿ. ಹೊಸದಾಗಿ ಡಾಂಬರು ಹಾಕಿ ಮೇಲೆ ಸಣ್ಣ ಜಲ್ಲಿ ಹರಡಿರುವ ಕಡೆ ವೇಗ ತಗ್ಗಿಸಿ ಎಂಬ ಬೋರ್ಡ್ ಇರುತ್ತದೆ. ಸುತ್ತ ಯಾರೂ ಕೆಲಸ ಮಾಡುತ್ತಿಲ್ಲ ಎಂದು ಎಷ್ಟೋ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕ್ಯಾರವಾನ್ ಮುಂಭಾಗದ ಪೇಂಟ್ ಏಳುವುದು ಹೆಚ್ಚಾಗಿ ಇಂಥ ಕಡೆಯೇ.

ಈಗ ಕಲ್ಲಿನ ವಿಷಯ. ಎದುರಿಂದ ಬರುವ ಲಾರಿ ಕಲ್ಲು ಹಾರಿಸುತ್ತದೆ, ನಿಜ. ಆದರೆ ದಿನವಿಡೀ ಬಡಿಯುವ ಕಲ್ಲು ನಿಮ್ಮದೇ ಕಾರಿನ ಹಿಂದಿನ ಚಕ್ರದಿಂದ ಏಳುವಂಥದ್ದು. ಕಲ್ಲು ಗಾಳಿಯಲ್ಲಿರುವಾಗ ಹಿಂದಿನಿಂದ ಕ್ಯಾರವಾನ್ 80 ಕಿ.ಮೀ. ವೇಗದಲ್ಲಿ ಬಂದು ಬ್ಯಾಟ್ ಬೀಸಿದ ಹಾಗೆ ಅದನ್ನು ಹೊಡೆಯುತ್ತದೆ. ಕಲ್ಲು ಮುಂದಕ್ಕೆ ಚಿಮ್ಮಿ ಕಾರಿನ ಹಿಂದಿನ ಗಾಜಿಗೆ ಬೀಳುತ್ತದೆ. ಆ ಗಾಜು ಬಿರುಕು ಬಿಟ್ಟು ನಿಲ್ಲುವುದಿಲ್ಲ, ಒಂದೇ ಸಲಕ್ಕೆ ಪುಡಿಪುಡಿ. ಆಮೇಲೆ ಊರು ಸಿಗುವ ತನಕ ಧೂಳೆಲ್ಲ ಕಾರಿನ ಒಳಗೆ. ಅದಕ್ಕೇ ಕ್ಯಾರವಾನ್ ಮುಖಕ್ಕೆ ಚೆಕರ್ ಪ್ಲೇಟ್ ಎಂಬ ಉಬ್ಬು ಗೆರೆಯ ತಗಡು ಬಡಿದು ಕೆಲಸ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ತಗಡು ಕ್ಯಾರವಾನನ್ನು ಉಳಿಸುತ್ತದೆ, ಕಲ್ಲನ್ನು ವಾಪಸ್ ಕಾರಿಗೇ ಕಳಿಸುತ್ತದೆ.

ಕಲ್ಲನ್ನು ತಡೆಯಬೇಕಾದ್ದು ಕಾರಿಗೂ ಕ್ಯಾರವಾನ್‌ಗೂ ನಡುವಿನ ಜಾಗದಲ್ಲಿ. ಇದಕ್ಕೆ ಮೂರು ತರದ ಸಾಮಾನು ಸಿಗುತ್ತದೆ. ರಾಕ್ ಟೇಮರ್ಸ್ ತರದ ದೊಡ್ಡ ರಬ್ಬರ್ ಮಡ್‌ಫ್ಲ್ಯಾಪ್ ಕಾರಿನ ಹಿಂದಿನ ಟೋ ಬಾರ್‌ಗೆ (ಕ್ಯಾರವಾನ್ ಸಿಕ್ಕಿಸುವ ಕಂಬಿಗೆ) ಕೂರುತ್ತದೆ, ಚಕ್ರದ ಹಿಂದೆ ಕೆಳಗೆ ಇಳಿಬಿದ್ದಿರುತ್ತದೆ. ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಬಹುದು. ಹೈವೇ ಜಾಸ್ತಿ, ಜಲ್ಲಿ ಕಮ್ಮಿ ಇರುವ ನಿಮ್ಮಂಥವರಿಗೆ ಇದೇ ಸರಿ. ಎರಡನೆಯದು ಡ್ರಾಬಾರ್, ಅಂದರೆ ಕ್ಯಾರವಾನ್ ಮುಂದೆ ಚಾಚಿರುವ ಚೌಕಟ್ಟಿನ ಮೇಲೆ ಇಂಗ್ಲಿಷ್ ವಿ ಆಕಾರದಲ್ಲಿ ನಿಲ್ಲಿಸುವ ಮೆಶ್ (ಜಾಲರಿ) ಪರದೆ. ಓರೆಯಾಗಿರುವುದರಿಂದ ಕಲ್ಲು ಪಕ್ಕಕ್ಕೆ ಹೋಗುತ್ತದೆ, ಮೆಶ್ ಬಾಗುವುದರಿಂದ ಅದರ ರಭಸವೂ ಇಳಿಯುತ್ತದೆ. ಮೂರನೆಯದು ಸ್ಟೋನ್ ಸ್ಟಾಂಪರ್ ತರದ್ದು. ಕಾರಿನ ಹಿಂಭಾಗದಿಂದ ಕ್ಯಾರವಾನ್ ಚಾಸಿಗೆ ಅಡ್ಡಲಾಗಿ ಕಟ್ಟಿದ ಅಗಲವಾದ ಮೆಶ್. ಚಕ್ರದಿಂದ ಎದ್ದ ಕಲ್ಲು ಅದರ ತಳಕ್ಕೆ ತಗುಲಿ ಅಲ್ಲೇ ಕೆಳಗೆ ಬೀಳುತ್ತದೆ. ಗಿಬ್ ರಿವರ್ ರಸ್ತೆಯಂಥ ಒರಟು ಜಲ್ಲಿ ದಾರಿಯ ಕಡೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಕಾರಿನ ಸೈಲೆನ್ಸರ್ ಬಾಯಿ ನೇರ ಮೆಶ್ ಕಡೆಗೆ ಇರಬಾರದು, ಬಿಸಿ ಹೊಗೆಗೆ ಸುಟ್ಟು ಹೋಗುತ್ತದೆ.

ಏನೂ ಕೊಳ್ಳದೆ ಮಾಡಬಹುದಾದ್ದೂ ಇದೆ. ಹಿಂದಿನ ಗಾಜಿಗೆ ಹೊರಗಿನಿಂದ ಕಾರ್‌ಫ್ಲೂಟ್ (ಪ್ಲಾಸ್ಟಿಕ್ ರಟ್ಟಿನ) ಹಾಳೆಯನ್ನೋ ದಪ್ಪ ರಟ್ಟನ್ನೋ ಟೇಪ್ ಹಾಕಿ ಅಂಟಿಸಿ. ನೋಡಲು ಚೆನ್ನಾಗಿರುವುದಿಲ್ಲ, ಔಟ್‌ಬ್ಯಾಕ್‌ನಲ್ಲಿ ಯಾರೂ ನೋಡುವುದೂ ಇಲ್ಲ. ಜಲ್ಲಿ ಶುರುವಾದ ಕೂಡಲೇ ಟೈರ್ ಗಾಳಿ ಸುಮಾರು ಕಾಲು ಭಾಗ ಇಳಿಸಿ, ವೇಗ 60–70ಕ್ಕೆ ತನ್ನಿ. ಟೈರ್ ಮೆತ್ತಗಾದರೆ ಕಲ್ಲು ಅಷ್ಟು ಚಿಮ್ಮುವುದಿಲ್ಲ, ಕುಲುಕಾಟವೂ ಕಮ್ಮಿ. ಡಾಂಬರು ಸಿಕ್ಕಾಗ ಮತ್ತೆ ತುಂಬಲು ಒಂದು ಸಣ್ಣ ಕಂಪ್ರೆಸರ್ ಇರಲಿ. ಇದನ್ನು ಮಾಡದೆ ದುಬಾರಿ ಗಾರ್ಡ್ ಹಾಕಿಸಿ 100ರಲ್ಲಿ ಓಡಿಸುವವರನ್ನು ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ಎದುರಿಗೆ ರೋಡ್ ಟ್ರೈನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ ಕಂಡರೆ ನಿಧಾನ ಮಾಡಿ ಎಡಕ್ಕೆ ಸರಿಯಿರಿ, ಬೇಕಾದರೆ ನಿಂತೇ ಬಿಡಿ. 53.5 ಮೀಟರ್ ಉದ್ದದವೂ ಇರುತ್ತವೆ, ಧೂಳು ಇಳಿಯಲು ಹೊತ್ತು ಬೇಕು. ಯುಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 40 ಹಾಕಿಕೊಳ್ಳಿ, ಲಾರಿಯವರು ಮಾತಾಡುವುದು ಅದರಲ್ಲೇ. ಇನ್ನೊಂದು ನಿಯಮ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಕಾರು, ಕ್ಯಾರವಾನ್ ಸೇರಿ 7.5 ಮೀಟರ್ ಮುಟ್ಟಿದರೆ ನೀವೂ ಉದ್ದದ ವಾಹನ. ಊರಾಚೆ, ಒಂದೊಂದು ದಿಕ್ಕಿಗೆ ಒಂದೇ ಲೇನ್ ಇರುವ ರಸ್ತೆಯಲ್ಲಿ ಮುಂದಿನ ಉದ್ದದ ವಾಹನದಿಂದ 60 ಮೀಟರ್, ರೋಡ್ ಟ್ರೈನ್ ಓಡುವ ಪ್ರದೇಶದಲ್ಲಿ 200 ಮೀಟರ್ ದೂರ ಬಿಡಬೇಕು. ಹಾಗೆ ಬಿಟ್ಟರೆ ಅವರ ಕಲ್ಲೂ ತಪ್ಪುತ್ತದೆ.

ಮುಂಭಾಗ ಮಾತ್ರ ನೋಡಬೇಡಿ, ಒಂದು ಸಲ ಕೆಳಗೂ ಬಗ್ಗಿ ನೋಡಿ. ನೀರಿನ ಟ್ಯಾಂಕ್, ಅದರ ನಲ್ಲಿ, ಗ್ಯಾಸ್ ಪೈಪ್, ಬ್ರೇಕ್ ವೈರ್ ಎಲ್ಲ ಮರೆಯಿಲ್ಲದೆ ಜೋತಾಡುತ್ತಿರಬಹುದು. ವೈರ್ ಮೇಲಕ್ಕೆ ಎತ್ತಿ ಕಟ್ಟಿ. ಹಳೆಯ ತೋಟದ ಪೈಪನ್ನು ಉದ್ದಕ್ಕೆ ಸೀಳಿ ಗ್ಯಾಸ್ ಪೈಪಿಗೆ ತೊಡಿಸಿ. ಟ್ಯಾಂಕಿಗೆ ತಗಡು ಹಾಕಿಸಿದ್ದರೆ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಅದು ಕುಲುಕಾಟಕ್ಕೆ ಉಜ್ಜಿ ಉಜ್ಜಿ ಟ್ಯಾಂಕನ್ನೇ ತೂತು ಮಾಡುತ್ತದೆ.

ಇನ್ನು ಹಿಚ್. 50 ಮಿ.ಮೀ. ಬಾಲ್ ಹಿಚ್ 3500 ಕೆ.ಜಿ. ತನಕ ಸಿಗುತ್ತದೆ, ನಿಮ್ಮದು ಎಷ್ಟಕ್ಕೆ ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ಅಗ್ಗ. ಕಾರು ಕೆಟ್ಟು ನಿಂತರೆ ಬೇರೆ ಯಾರ ಕಾರಿಗಾದರೂ ಸಿಕ್ಕಿಸಬಹುದು. ಅದರ ಕೊರತೆ ಅಂದರೆ ಅಷ್ಟು ತಿರುಚಿಕೊಳ್ಳುವುದಿಲ್ಲ. ಕಾರು ಹಳ್ಳಕ್ಕೆ ಇಳಿದು ಕ್ಯಾರವಾನ್ ಇನ್ನೂ ದಿಣ್ಣೆಯ ಮೇಲೆ ಒಂದು ಕಡೆ ವಾಲಿ ನಿಂತಾಗ ಬಾಲ್ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಆಫ್‌ರೋಡ್ ಹಿಚ್ ಇರುವುದು ಅಂಥ ಜಾಗಕ್ಕೆ. ಕ್ರೂಸ್‌ಮಾಸ್ಟರ್‌ನ ಡಿಒ35ರಲ್ಲಿ ಬಾಲ್ ಬದಲು ಪಿನ್, ಅದರ ಮೇಲೆ ಹಿಚ್ ಇಳಿದು ಲಾಕ್ ಆಗುತ್ತದೆ. ಅದೂ 3500 ಕೆ.ಜಿ.ಗೇ, ಆದರೆ ಎಲ್ಲ ಕಡೆಗೂ ಸಲೀಸಾಗಿ ಆಡುತ್ತದೆ. ಟ್ರೆಗ್ ಎಂಬ ಇನ್ನೊಂದು ಹಿಚ್ ಹಳಬರಿಗೆ ಇಷ್ಟ. ಗಟ್ಟಿ, ಆದರೆ ರಂಧ್ರಕ್ಕೆ ರಂಧ್ರ ಹೊಂದಿಸಿ ಪಿನ್ ತೂರಿಸುವಷ್ಟರಲ್ಲಿ ಗಂಡ ಹೆಂಡತಿ ಜಗಳ ಗ್ಯಾರಂಟಿ. ಕೊಂಡರೆ ಡಿಒ35 ಕೊಳ್ಳಿ, ಈಗಲ್ಲ. ಹಿಚ್ ಮೇಲಿನ ಭಾರವನ್ನು ಕಾರಿನ ಮುಂದಿನ ಚಕ್ರಕ್ಕೂ ಹಂಚುವ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಕ್ಯಾರವಾನ್ ಜೊತೆಗೇ ಬಂದಿದ್ದರೆ ಹೈವೇಯಲ್ಲಿ ಬಳಸಿ, ಮಣ್ಣು ರಸ್ತೆಗೆ ಇಳಿಯುವ ಮೊದಲು ಅದರ ಸ್ಪ್ರಿಂಗ್ ಬಾರ್ ತೆಗೆದಿಡಿ.

ಹಿಚ್‌ಗಿಂತ ನನಗೆ ಚಿಂತೆ ತೂಕದ್ದು. ಕ್ಯಾರವಾನ್ ಪ್ಲೇಟ್ ಮೇಲೆ ಟೇರ್ (ಖಾಲಿ ತೂಕ), ಎಟಿಎಂ (ಸಾಮಾನೆಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ) ಅಂತ ಎರಡು ಅಂಕಿ ಇರುತ್ತದೆ. ಟೇರ್ 1600, ಎಟಿಎಂ 2000 ಇದ್ದರೆ ನಿಮ್ಮ ಸಾಮಾನೆಲ್ಲ 400 ಕೆ.ಜಿ. ಒಳಗೆ. 80 ಲೀಟರಿನ ಎರಡು ಟ್ಯಾಂಕ್ ತುಂಬಿಸಿದರೆ ನೀರೇ 160 ಕೆ.ಜಿ. ಆಯಿತು. ಕಾರು, ಟೋ ಬಾರ್, ಹಿಚ್ ಮೂರರಲ್ಲಿ ಯಾವುದು ಕಮ್ಮಿಯೋ ಅದೇ ನಿಮ್ಮ ಮಿತಿ. 3500ರ ಹಿಚ್ ಹಾಕಿಸಿದ ಮಾತ್ರಕ್ಕೆ ಕಾರಿನ ಶಕ್ತಿ ಏರುವುದಿಲ್ಲ. ಬಾಲ್ ಮೇಲೆ ಬೀಳುವ ಭಾರ ಕ್ಯಾರವಾನ್ ತೂಕದ ಹತ್ತನೇ ಒಂದು ಭಾಗದಷ್ಟಿರಲಿ. ತೀರಾ ಕಮ್ಮಿಯಾದರೆ ಕ್ಯಾರವಾನ್ ಬಾಲ ಆಡಿಸಲು ಶುರು ಮಾಡುತ್ತದೆ. ಎಟಿಎಂ 2500 ಕೆ.ಜಿ. ದಾಟಿದರೆ ಸೇಫ್ಟಿ ಚೈನ್ ಎರಡು ಬೇಕು, ಡ್ರಾಬಾರ್ ಕೆಳಗೆ ಅಡ್ಡಡ್ಡ ಹಾಯಿಸಿ ಹಾಕಿ. ಚೈನನ್ನು ಕಾರಿಗೆ ಸಿಕ್ಕಿಸುವ ಶ್ಯಾಕಲ್ ಕೊಂಡಿಯ ಮೇಲೆ ಎಷ್ಟು ತೂಕ ತಡೆಯುತ್ತದೆ ಎಂದು ಅಚ್ಚಾಗಿರಬೇಕು, ಬರೀ ಗಟ್ಟಿಯಾಗಿ ಕಂಡರೆ ಸಾಲದು.

ಇನ್ಶೂರೆನ್ಸ್ ಕಾಗದದಲ್ಲಿ ಡಾಂಬರಿಲ್ಲದ ರಸ್ತೆ ಸೇರಿದೆಯೇ ಎಂದು ಓದಿ. ಆಮೇಲೆ ಕಾರಿನ ಮಾಡೆಲ್, ಕ್ಯಾರವಾನ್ ಪ್ಲೇಟಿನ ಅಂಕಿ, ಹಿಚ್ ಮೇಲೆ ಅಚ್ಚಾಗಿರುವ ತೂಕ ಇಷ್ಟನ್ನು ಬರೆದು ಕಳಿಸಿ, ಕೂತು ಲೆಕ್ಕ ಹಾಕೋಣ.