ಸಣ್ಣ ದೇಶದಲ್ಲಿ ಅರ್ಥಶಾಸ್ತ್ರಜ್ಞರ ಮಾತು ಸರ್ಕಾರದ ಕಿವಿಗೆ ಬೀಳುತ್ತಾ?

ಸಣ್ಣ ದೇಶಗಳಲ್ಲಿ ಅರ್ಥಶಾಸ್ತ್ರದ ಸಂಶೋಧನೆ ನಿಜವಾಗಿ ಸರ್ಕಾರದ ತೀರ್ಮಾನ ಬದಲಿಸುತ್ತಾ, ಇಲ್ಲ ವರದಿಗಳು ಕಪಾಟಿನಲ್ಲೇ ಉಳಿಯುತ್ತವಾ ಅಂತ ಕೇಳಿದ್ದೀರಿ. ಎಂಎಗೆ ಇದೇ ವಿಷಯ ತಗೊಳ್ಳೋಣ ಅಂತಿದ್ದೀನಿ, ಗೊತ್ತಿದ್ದವರು ಹೇಳಿ ಅಂತಲೂ ಬರೆದಿದ್ದೀರಿ.

ಬದಲಿಸುತ್ತದೆ. ದೊಡ್ಡ ದೇಶಕ್ಕಿಂತ ಬೇಗ ಬದಲಿಸುತ್ತದೆ. ಕಿವಿಗೊಡದಿದ್ದರೆ ಪೆಟ್ಟೂ ಅಷ್ಟೇ ಬೇಗ ಬೀಳುತ್ತದೆ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮನೆ ತೀರ್ಥಹಳ್ಳಿ ಕಡೆ. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಪಾಠದಲ್ಲಿ ಅರ್ಥವಾಗದ ಎಷ್ಟೋ ವಿಷಯ ನನಗೆ ಗದ್ದೆಯಲ್ಲಿ ಅರ್ಥವಾಗಿದೆ. ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಹಿಂದೂ ಮಹಾಸಾಗರದ ದ್ವೀಪ ಮಾರಿಷಸ್ ತಗೊಳ್ಳಿ. ಜಾಗ ನಮ್ಮ ಜಿಲ್ಲೆಯ ಕಾಲು ಭಾಗದಷ್ಟು. ಜನ 12.5 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17.5 ಲಕ್ಷ. ನಮ್ಮ ಒಂದು ಜಿಲ್ಲೆಗಿಂತ ಚಿಕ್ಕದಾದ ಆ ದೇಶಕ್ಕೆ ತನ್ನದೇ ರೂಪಾಯಿ ಇದೆ, ತನ್ನದೇ ಬಜೆಟ್ ಇದೆ.

1960ರಲ್ಲಿ ಅದಿನ್ನೂ ಬ್ರಿಟಿಷರ ಕೈಯಲ್ಲಿತ್ತು. ಬೆಳೆ ಅಂದ್ರೆ ಕಬ್ಬು, ರಫ್ತು ಅಂದ್ರೆ ಸಕ್ಕರೆ. ಮಲೇರಿಯಾ ಹತೋಟಿಗೆ ಬಂದು ಸಾವು ಕಡಿಮೆಯಾಗಿತ್ತು. ಜನಸಂಖ್ಯೆ ವರ್ಷಕ್ಕೆ ಶೇ 3ರ ಹತ್ತಿರ ಏರುತ್ತಿತ್ತು. ಮಲೇರಿಯಾ ಹೋದರೆ ಒಂದು ಊರು ಹೇಗೆ ಬದಲಾಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲೂ ಆ ಜ್ವರಕ್ಕೆ ಊರಿಗೆ ಊರೇ ಖಾಲಿಯಾದ ಕಥೆಗಳನ್ನು ಅಜ್ಜಿಯರು ಹೇಳುತ್ತಿದ್ದರು. ಮಾರಿಷಸ್‌ಗೆ ಆಗ ಜೇಮ್ಸ್ ಮೀಡ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರ ತಂಡ ಹೋಯಿತು. 1961ರಲ್ಲಿ ವರದಿ ಬಂತು. ಮೀಡ್ ಅವರಿಗೆ ಮುಂದೆ 1977ರಲ್ಲಿ ನೊಬೆಲ್ ಬಂದಿತು.

ವರದಿಯಲ್ಲಿ ಭರವಸೆಗಿಂತ ಆತಂಕವೇ ಜಾಸ್ತಿ ಇತ್ತು. ಆದರೆ ಒಳಗಿದ್ದ ಲೆಕ್ಕ ಸರಳವಾಗಿತ್ತು. ಕಬ್ಬಿನ ನೆಲ ಇರುವುದೇ ಇಷ್ಟು, ಹುಟ್ಟುವ ಮಕ್ಕಳಿಗೆಲ್ಲ ಅದರಲ್ಲಿ ಕೆಲಸ ಹುಟ್ಟುವುದಿಲ್ಲ. ಕುಟುಂಬ ಯೋಜನೆ ಬೇಕು. ಯಂತ್ರಕ್ಕಿಂತ ಜನರ ಕೈ ಜಾಸ್ತಿ ಬೇಡುವ ಕಾರ್ಖಾನೆಗಳು ಬೇಕು. 1968ರಲ್ಲಿ ಸ್ವಾತಂತ್ರ್ಯ ಬಂತು. 1970ರಲ್ಲಿ ರಫ್ತು ಕಾರ್ಖಾನೆಗಳಿಗೆ ತೆರಿಗೆ ರಿಯಾಯಿತಿ ಕೊಡುವ ಕಾನೂನು ಬಂತು. ಅದರ ಹಿಂದೆ ಬಿದ್ದವರು ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಿಮ್ ಫಾಟ್. ಬೇಲಿ ಹಾಕಿದ ಒಂದು ಜಾಗದಲ್ಲೇ ಕಾರ್ಖಾನೆ ಇರಬೇಕು ಅಂತ ಅವರು ಕಟ್ಟುಪಾಡು ಹಾಕಲಿಲ್ಲ. ದ್ವೀಪದ ಯಾವ ಮೂಲೆಯಲ್ಲಿ ಕಟ್ಟಿದರೂ ಸರಿ, ಮಾಲು ಹೊರದೇಶಕ್ಕೆ ಹೋದರೆ ಸಾಕು. ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದವು. ಕೆಲಸಕ್ಕೆ ಸೇರಿದವರಲ್ಲಿ ಹೆಂಗಸರೇ ಹೆಚ್ಚು. ಸಕ್ಕರೆಗೆ ಯುರೋಪಿನಲ್ಲಿ ಒಳ್ಳೆ ಬೆಲೆ ಸಿಕ್ಕಿದ್ದೂ ಕೈ ಹಿಡಿಯಿತು.

ಮೀಡ್ ಭಯಪಟ್ಟ ಹಾಗೆ ಆಗಲಿಲ್ಲ. ಹಾಗಾದರೆ ಆ ಸಂಶೋಧನೆ ದಂಡವಾ? ನನಗೆ ಹಾಗನ್ನಿಸುವುದಿಲ್ಲ. ಅವರು ಹೇಳಿದ ಭವಿಷ್ಯ ತಪ್ಪಾಯಿತು, ಕೇಳಿದ ಪ್ರಶ್ನೆ ಸರಿಯಾಗಿತ್ತು. ಆ ಪ್ರಶ್ನೆಯನ್ನು ಹಿಡಿದುಕೊಂಡು ಕೂರುವವರು ಊರಿನೊಳಗೇ ಇದ್ದರು. ಹೊರಗಿನ ಪಂಡಿತರು ವರದಿ ಕೊಟ್ಟು ವಿಮಾನ ಹತ್ತುತ್ತಾರೆ. ಆಮೇಲೆ ಹತ್ತು ವರ್ಷ ಅದನ್ನು ಹೊತ್ತು ತಿರುಗುವವರು ಬೇಕಲ್ವಾ?

ಸಿಂಗಾಪುರದಲ್ಲಿ ಸಂಶೋಧಕರಿಗೂ ಸರ್ಕಾರಕ್ಕೂ ನಡುವೆ ಆ ದೂರವೂ ಇರಲಿಲ್ಲ. ಗೋ ಕೆಂಗ್ ಸ್ವೀ ಎಂಬುವರು 1950ರ ದಶಕದಲ್ಲಿ ಪಟ್ಟಣದ ಮನೆಮನೆಯ ವರಮಾನ, ಎಷ್ಟು ಜನ ಒಂದು ಕೋಣೆಯಲ್ಲಿ ಮಲಗುತ್ತಾರೆ ಅಂತೆಲ್ಲ ಸಮೀಕ್ಷೆ ನಡೆಸಿದವರು. 1959ರಲ್ಲಿ ಅವರೇ ಹಣಕಾಸು ಮಂತ್ರಿಯಾದರು. ಮರುವರ್ಷವೇ ಅಲ್ಲಿ ವಸತಿ ಮಂಡಳಿ ಶುರುವಾಯಿತು.

ಸಣ್ಣ ದೇಶದ ಲಾಭ ಇದೇ. ಲೆಕ್ಕ ಹಾಕುವವರಿಗೂ ಸಹಿ ಹಾಕುವವರಿಗೂ ನಡುವೆ ಹೆಚ್ಚು ಮೆಟ್ಟಿಲಿಲ್ಲ. ಕಷ್ಟವೂ ಅಲ್ಲೇ ಇದೆ. ನಮ್ಮ ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಹೋದರೆ ಒಂದೇ ಪಂಕ್ತಿಯಲ್ಲಿ ಪಂಚಾಯಿತಿ ಅಧ್ಯಕ್ಷರು, ಸೊಸೈಟಿ ಕಾರ್ಯದರ್ಶಿ, ಹೈಸ್ಕೂಲ್ ಮೇಷ್ಟ್ರು ಎಲ್ಲರೂ ಕೂತಿರುತ್ತಾರೆ. "ನಿಮ್ಮ ಯೋಜನೆ ತಪ್ಪು" ಅಂತ ಬೆಳಗ್ಗೆ ಹೇಳಿ, ಮಧ್ಯಾಹ್ನ ಅವರ ಪಕ್ಕದಲ್ಲೇ ಎಲೆಗೆ ಕೂರಬೇಕು. ಸಣ್ಣ ದೇಶದ ಸಂಶೋಧಕರ ಪಾಡೂ ಇದೇ. ಅದಕ್ಕೇ ಮಂತ್ರಿ ಬದಲಾದರೂ ಸಂಬಳ ನಿಲ್ಲದ, ತನ್ನ ಅಂಕಿಅಂಶವನ್ನು ಎಲ್ಲರೆದುರು ಪ್ರಕಟಿಸುವ ಸಂಸ್ಥೆ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಕಷ್ಟ ಇದೆ, ಇದು ಹೊರಗಿನಿಂದ ಕಾಣುವುದಿಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕುತ್ತೇವೆ. ನಾಲ್ಕು ಜನರ ಪಾತ್ರೆಯಾದರೂ ಅಷ್ಟೇ, ನಾನೂರು ಜನರ ಕೊಪ್ಪರಿಗೆಯಾದರೂ ಅಷ್ಟೇ, ಚೆನ್ನಾಗಿ ತಿರುವಿದ್ದರೆ ಸಾಕು. ಸಮೀಕ್ಷೆಯೂ ಹಾಗೆಯೇ. ಹತ್ತು ಲಕ್ಷ ಜನರ ದೇಶಕ್ಕೆ ಎಷ್ಟು ಮನೆಗಳನ್ನು ಕೇಳಬೇಕೋ, ಹತ್ತು ಕೋಟಿ ಜನರ ದೇಶಕ್ಕೂ ಹೆಚ್ಚು ಕಡಿಮೆ ಅಷ್ಟೇ ಸಾಕು. ಅಂದರೆ ಸಣ್ಣ ದೇಶಕ್ಕೆ ತಲೆ ಲೆಕ್ಕದಲ್ಲಿ ಸಂಶೋಧನೆ ಬಹಳ ದುಬಾರಿ.

ನಮ್ಮ ಬೆಳೆ ವಿಮೆಯಲ್ಲೇ ಇದು ಕಾಣುತ್ತದೆ. ಇಳುವರಿ ತಿಳಿಯಲು ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ನಿಯಮದ ಪ್ರಕಾರ ವಿಮೆಯ ಘಟಕ ಇಡೀ ಜಿಲ್ಲೆಯಾದರೆ ಕನಿಷ್ಠ 24 ಪ್ರಯೋಗ, ತಾಲ್ಲೂಕಾದರೆ 16, ಹೋಬಳಿಯಾದರೆ 10, ಪಂಚಾಯಿತಿಯಾದರೆ 4. ಜಿಲ್ಲೆಯಲ್ಲಿ ಇನ್ನೂರಕ್ಕೂ ಜಾಸ್ತಿ ಪಂಚಾಯಿತಿಗಳಿವೆ. ಎಲ್ಲ ಪಂಚಾಯಿತಿಗೂ ನಾಲ್ಕರಂತೆ ಲೆಕ್ಕ ಹಾಕಿ ನೋಡಿ, ಎಲ್ಲಿಗೆ ಹೋಗುತ್ತದೆ! ಘಟಕ ಚಿಕ್ಕದಾದಷ್ಟೂ ಕೆಲಸ ಜಾಸ್ತಿ.

ಒಂದು ಸಲ ನಮ್ಮ ಗದ್ದೆಯ ಸರ್ವೆ ನಂಬರೇ ಆಯ್ಕೆಯಾಗಿತ್ತು. ಗ್ರಾಮ ಲೆಕ್ಕಿಗರು ಬಂದರು. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಂತು, ಪಟ್ಟಿಯಲ್ಲಿ ಬಂದ ಸಂಖ್ಯೆಯಂತೆ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಇಟ್ಟರು. ಅಲ್ಲಿ ಗೂಟ ಹೊಡೆದು, 5 ಮೀಟರ್‌ಗೆ 5 ಮೀಟರ್ ಹಗ್ಗ ಕಟ್ಟಿದರು. ಚೌಕ ಸೊಟ್ಟ ಆಗಿಲ್ಲ ಅಂತ ನೋಡಲು ಮೂಲೆಯಿಂದ ಮೂಲೆಗೂ ಅಳೆದರು, 7 ಮೀಟರ್ 7 ಸೆಂಟಿಮೀಟರ್ ಬರಬೇಕು. ಅಪ್ಪಯ್ಯ ಬದುವಿನ ಮೇಲೆ ನಿಂತು, "ಆ ಮೂಲೇಲಿ ಸರಿ ಬಂದಿಲ್ಲ, ಅದನ್ನೂ ಸ್ವಲ್ಪ ನೋಡಿ" ಅಂದರು. ಲೆಕ್ಕಿಗರು ನಗುತ್ತಾ, "ನಾನು ಜಾಗ ಆರಿಸಿದ್ರೆ ಲೆಕ್ಕ ಕೆಡ್ತದೆ ಅಯ್ಯ, ನಂಬರ್ ಎಲ್ಲಿ ಕರ್ಕೊಂಡು ಹೋಗುತ್ತೋ ಅಲ್ಲೇ" ಅಂದರು. ಆ ಚೌಕದ ಪೈರನ್ನಷ್ಟೇ ಕೊಯ್ದು, ಟಾರ್ಪಾಲಿನ ಮೇಲೆ ಬಡಿದು, ತೂರಿ, ತೂಕ ಹಾಕಿದರು.

ಇಪ್ಪತ್ತೈದು ಚದರ ಮೀಟರ್. ಒಂದು ಎಕರೆಗೆ ಅಂಥ ಚೌಕ ಸುಮಾರು 162. ತಕ್ಕಡಿಯಲ್ಲಿ ಅರ್ಧ ಕೆಜಿ ತಪ್ಪಿದರೆ ಎಕರೆಗೆ 80 ಕೆಜಿ ತಪ್ಪುತ್ತದೆ. ನಾಲ್ಕೇ ಪ್ರಯೋಗದ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿರುತ್ತದೆ. ಆ ದಿನ ನನಗೆ ಸಂಶೋಧನೆ ಅನ್ನುವ ಪದದ ಮೇಲೆ ಗೌರವ ಬಂತು. ದೊಡ್ಡ ದೇಶದಲ್ಲಿ ಒಂದೆರಡು ತಪ್ಪು ರಾಶಿಯಲ್ಲಿ ಮುಚ್ಚಿಹೋಗುತ್ತವೆ. ನಾಲ್ಕು ಚೌಕದಲ್ಲಿ ಒಂದು ಕೆಟ್ಟರೆ ಮುಚ್ಚಲು ರಾಶಿ ಎಲ್ಲಿದೆ?

ಈಗ ಶ್ರೀಲಂಕಾ. 2.2 ಕೋಟಿ ಜನ. ನಮ್ಮ ಪಕ್ಕದಲ್ಲಿ ಅದು ಸಣ್ಣ ದೇಶವೇ. ಅಲ್ಲಿ ಸಂಶೋಧನೆಗೆ ಬರ ಇರಲಿಲ್ಲ. ಕೊಲಂಬೊದಲ್ಲಿ ನೀತಿ ಅಧ್ಯಯನಕ್ಕೆಂದೇ ಸಂಸ್ಥೆ ಇದೆ, 1988ರಲ್ಲಿ ಕಾನೂನು ಮಾಡಿ ಸ್ಥಾಪಿಸಿದ್ದು. ಆದರೂ 2021ರ ಮೇ ತಿಂಗಳಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿತು. ಇಡೀ ದೇಶ ಸಾವಯವಕ್ಕೆ ಬರಬೇಕು ಅನ್ನುವುದು ಹೇಳಿದ ಕಾರಣ. ಡಾಲರ್ ಖಾಲಿಯಾಗುತ್ತಿತ್ತು ಅನ್ನುವುದೂ ಜೊತೆಗಿತ್ತು. ಅಲ್ಲಿನ ಕೃಷಿ ಅರ್ಥಶಾಸ್ತ್ರಜ್ಞರ ಸಂಘ ಮೊದಲೇ ಲೆಕ್ಕ ಕೊಟ್ಟಿತ್ತು: ಭತ್ತದ ಇಳುವರಿ ಶೇ 25ರಷ್ಟು, ಟೀ ಶೇ 35ರಷ್ಟು ಬೀಳಬಹುದು ಅಂತ. ಯಾರೂ ಕೇಳಲಿಲ್ಲ. ನವೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು, ಆದರೆ ಆ ಹಂಗಾಮು ಕೈತಪ್ಪಿತ್ತು. ಭತ್ತ ನೆಲಕಚ್ಚಿತು, ಅಕ್ಕಿ ಆಮದು ಮಾಡಬೇಕಾಯಿತು. 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ತೀರಿಸಲಾಗದು ಅಂತ ಕೈಚೆಲ್ಲಿತು. ಅದಕ್ಕೆ ಗೊಬ್ಬರವೊಂದೇ ಕಾರಣವಲ್ಲ. 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ 8ಕ್ಕೆ ಇಳಿಸಿದ್ದು, ಕೊರೊನಾದಲ್ಲಿ ಪ್ರವಾಸಿಗರು ನಿಂತಿದ್ದು ಎಲ್ಲ ಸೇರಿತ್ತು.

ಇದನ್ನು ಓದುವಾಗ ನನಗೆ ನಮ್ಮ ಸೊಪ್ಪಿನ ಬೆಟ್ಟ ನೆನಪಾಯಿತು. ಅಜ್ಜನ ಕಾಲದಲ್ಲಿ ತೋಟಕ್ಕೆ ಗೊಬ್ಬರ ಅಂದ್ರೆ ಸೊಪ್ಪು, ತರಗೆಲೆ, ಕೊಟ್ಟಿಗೆಯ ಸಗಣಿ. ಸಾವಯವ ಅನ್ನುವ ಹೆಸರು ಇರಲಿಲ್ಲ ಅಷ್ಟೇ. ಆದರೆ ಸೊಪ್ಪು ಎಲ್ಲಿಂದ ಬರಬೇಕು? ಬೆಟ್ಟದಿಂದ. ಪಕ್ಕದ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಕೊಟ್ಟಿದ್ದು ಸುಮ್ನೆ ಅಲ್ಲ. ತೋಟ ಉಣ್ಣುವ ಸಾರ ಬೇರೆ ನೆಲದಿಂದ ಬರಬೇಕು, ಹೊತ್ತು ತರುವ ಆಳು ಬೇಕು, ಸಗಣಿ ಹಾಕುವ ದನ ಬೇಕು. ನಾನು ಸಾವಯವದ ವಿರೋಧಿಯಲ್ಲ, ನಮ್ಮ ತೋಟಕ್ಕೆ ಇಂದಿಗೂ ಸೊಪ್ಪು ಹಾಕುತ್ತೇವೆ. ಆದರೆ ಇಡೀ ದೇಶದ ಗದ್ದೆಗೆ ಒಂದೇ ಹಂಗಾಮಿನಲ್ಲಿ ಅಷ್ಟು ಸೊಪ್ಪು, ಅಷ್ಟು ದನ ಎಲ್ಲಿದೆ ಅಂತ ಕೇಳಿದ್ದರೆ ನಮ್ಮೂರಿನ ಯಾವ ಹಿರಿಯರೂ ಉತ್ತರ ಹೇಳುತ್ತಿದ್ದರು. ಕೃಷಿ ಅರ್ಥಶಾಸ್ತ್ರಜ್ಞರು ಅದನ್ನೇ ಅಂಕಿಯಲ್ಲಿ ಹೇಳಿದ್ದರು. ಆ ಒಂದು ಕಾಗದವನ್ನು ಓದಿ, ಒಂದು ಜಿಲ್ಲೆಯಲ್ಲಿ ಎರಡು ವರ್ಷ ಮಾಡಿ ನೋಡಿದ್ದರೆ ಎಷ್ಟು ಮನೆಗಳ ಊಟ ಉಳಿಯುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಭೂತಾನ್ ವಿಷಯ ನಮಗೆ ಇನ್ನೂ ಹತ್ತಿರದ್ದು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಕಡಿಮೆ ಬೆಲೆಗೆ ತರಬಾರದು ಅನ್ನುವ ಮಿತಿ) ಕಟ್ಟುಪಾಡಿಲ್ಲದೆ ತರಲು ಕೇಂದ್ರ ಒಪ್ಪಿತು. ನಮ್ಮ ಕಡೆ ಗಲಾಟೆ ಎದ್ದಿತು. ಅಪ್ಪಯ್ಯ ಪೇಪರ್ ಮಡಚಿ, "ಹಂಗಾದ್ರೆ ರಾಶಿ ಅಡಿಕೆ ರೇಟು ಬಿದ್ದಂಗೇ ಅಲ್ದಾ?" ಅಂದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು ಹದಿಮೂರು ಕೆಜಿ ಸಿಗುತ್ತದೆ. ಆ ಲೆಕ್ಕಕ್ಕೆ 17,000 ಟನ್ ಅಂದರೆ ಒಣಗಿದ್ದು ಎರಡು ಸಾವಿರ ಟನ್ ಚಿಲ್ಲರೆ. ದೇಶದ ಬೆಳೆ ಲಕ್ಷಗಟ್ಟಲೆ ಟನ್. ಅದೊಂದರಿಂದ ರೇಟು ಬೀಳುವುದಿಲ್ಲ. ಅದೇ ದಾರಿಯಲ್ಲಿ ಬೇರೆ ದೇಶದ ಅಡಿಕೆ ನುಸುಳಿದರೆ ಮಾತ್ರ ಭಯಪಡಬೇಕು, ನಿಗಾ ಇಡಬೇಕಾದ್ದು ಅಲ್ಲಿ. ಎಂಟು ಲಕ್ಷಕ್ಕೂ ಕಡಿಮೆ ಜನರಿರುವ ಭೂತಾನ್‌ಗೆ ಮಾತ್ರ ಅದೇ 17,000 ಟನ್ ದೊಡ್ಡ ವಿಷಯ. ಸಣ್ಣ ದೇಶದ ಸಂಶೋಧಕರು ತಮ್ಮ ಬಜೆಟ್ ಓದಿದರೆ ಸಾಲದು, ಪಕ್ಕದ ದೊಡ್ಡ ದೇಶದ ಆದೇಶವನ್ನೂ ಓದುತ್ತಿರಬೇಕು.

ಸಣ್ಣ ದೇಶದಿಂದ ದೊಡ್ಡ ದೇಶಕ್ಕೂ ಪಾಠ ಹೋಗುತ್ತದೆ. ಬೆಲೆ ಏರಿಕೆಗೆ ಒಂದು ಗುರಿ ಇಟ್ಟು, ಅದಕ್ಕೆ ಕೇಂದ್ರ ಬ್ಯಾಂಕನ್ನೇ ಹೊಣೆ ಮಾಡುವ ಪದ್ಧತಿ ಮೊದಲು ಬಂದಿದ್ದು ನ್ಯೂಜಿಲೆಂಡ್‌ನಲ್ಲಿ, 1989ರ ಕಾನೂನಿನಿಂದ. ನಮ್ಮ ರಿಸರ್ವ್ ಬ್ಯಾಂಕಿಗೆ ಶೇ 4ರ ಗುರಿ ಬಂದಿದ್ದು 2016ರಲ್ಲಿ. ಆ ಗುರಿ ನೋಡಿಕೊಂಡೇ ಅದು ಬಡ್ಡಿ ಏರಿಸುತ್ತದೆ, ಇಳಿಸುತ್ತದೆ. ನಿಮ್ಮ ಮನೆಸಾಲದ ಕಂತು ಏರಿಳಿಯುವುದರಲ್ಲಿ ಆ ಪುಟ್ಟ ದೇಶದ ಪಾಲೂ ಇದೆ.

ಎಂಎಗೆ ಸೇರಿ, ಖಂಡಿತ ಸೇರಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಭತ್ತದ ಕಟಾವು ಶುರುವಾದಾಗ, ನವೆಂಬರ್ ಡಿಸೆಂಬರ್‌ನಲ್ಲಿ, ನಿಮ್ಮ ಊರಿನ ಗ್ರಾಮ ಆಡಳಿತಾಧಿಕಾರಿಯನ್ನು (ಮೊದಲು ಗ್ರಾಮ ಲೆಕ್ಕಿಗರು ಅಂತಿದ್ದೆವು) ಕೇಳಿಕೊಂಡು ಒಂದು ಕಟಾವು ಪ್ರಯೋಗಕ್ಕೆ ಹೋಗಿ. ಇಬ್ಬನಿ ಆರಿದ ಮೇಲೆಯೇ ಕೊಯ್ಲು, ಒದ್ದೆ ಪೈರಾದರೆ ತೂಕ ಜಾಸ್ತಿ ತೋರುತ್ತದೆ. ಹಗ್ಗದ ಒಂದು ತುದಿ ನೀವೇ ಹಿಡಿದುಕೊಳ್ಳಿ. ಮೂಲೆಯಿಂದ ಮೂಲೆಗೆ ಅಳತೆ ಸರಿ ಬರುವವರೆಗೂ ಬಿಡಬೇಡಿ.