ಫ್ಲೈಟ್ ಸಿಮ್ಯುಲೇಟರ್‌ಗಾಗಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದರೆ ಪ್ರಯೋಜನ ಇದೆಯಾ?

ನಿಮ್ಮ ಹತ್ತಿರ ಇಂಟೆಲ್‌ನ ಕೋರ್ ಐ5-13600ಕೆ ಪ್ರೊಸೆಸರ್ ಇದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಹೀಥ್ರೋಗೆ ಇಳಿಯುವಾಗ ಸೆಕೆಂಡಿಗೆ 28 ಫ್ರೇಮ್‌ಗೆ ಬೀಳುತ್ತದೆ, ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗ (ಕ್ಲಾಕ್) ಮೀರಿಸಿ, 5.4 ಗಿಗಾಹರ್ಟ್ಸ್‌ಗೆ ಏರಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಏರಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಈ ಚಿಪ್ ಟರ್ಬೋದಲ್ಲಿ, ಅಂದರೆ ಕೆಲಸ ಬಿದ್ದಾಗ ವೇಗ ಏರಿಸಿಕೊಂಡು, ತಾನಾಗೇ 5.1ರವರೆಗೆ ಓಡುತ್ತದೆ. 5.4 ಅಂದರೆ ಸುಮಾರು 6 ಪರ್ಸೆಂಟ್ ಜಾಸ್ತಿ, ಅಷ್ಟೇ. ಅದು ಪೂರ್ತಿ ಫ್ರೇಮ್ ಆಗಿ ಸಿಕ್ಕಿದರೂ 28 ಇದ್ದದ್ದು 30 ಮುಟ್ಟುವುದಿಲ್ಲ.

ಹಿಂದೆ ಹೀಗಿರಲಿಲ್ಲ. ನಾನು ಹಳೆಯ ಎಫ್‌ಎಸ್‌ಎಕ್ಸ್ (ಫ್ಲೈಟ್ ಸಿಮ್ಯುಲೇಟರ್ ಎಕ್ಸ್) ಹಾರಿಸುತ್ತಿದ್ದದ್ದು 2011ರ ಐ5-2500ಕೆ ಇಟ್ಟುಕೊಂಡು. ಅದು 3.3ರ ಚಿಪ್, ಟರ್ಬೋದಲ್ಲಿ 3.7. ಒಳ್ಳೆ ಕೂಲರ್ ಹಾಕಿ 4.5ಕ್ಕೆ ತಂದ ದಿನ ಆಟವೇ ಬೇರೆ ಅನ್ನಿಸಿತ್ತು. ಆಗಿನ ಚಿಪ್‌ಗಳಲ್ಲಿ ಅಷ್ಟು ಕಸುವು ಮಿಕ್ಕಿರುತ್ತಿತ್ತು. ಈಗ ಅದರ ಬಹುಪಾಲನ್ನು ಟರ್ಬೋನೇ ಬಳಸಿಕೊಳ್ಳುತ್ತದೆ.

ಮೊದಲು ಅಡ್ಡಿ ಎಲ್ಲಿದೆ ಅಂತ ನೋಡಿ. ಸಿಮ್ಯುಲೇಟರ್‌ನಲ್ಲೇ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಕಿಟಕಿ ತೆರೆಯಿರಿ. ‘ಲಿಮಿಟೆಡ್ ಬೈ ಜಿಪಿಯು’ ಅಂತ ಬಂದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿದೆ, ಪ್ರೊಸೆಸರ್ ಮುಟ್ಟುವುದೇ ಬೇಡ. ‘ಮೇನ್‌ಥ್ರೆಡ್’ (ಒಂದು ಸಮಯಕ್ಕೆ ಒಂದೇ ಕೋರ್ ಮೇಲೆ ಓಡುವ ಮುಖ್ಯ ಕೆಲಸದ ಸಾಲು) ಅಂತ ಬಂದರೆ ಅಡ್ಡಿ ಪ್ರೊಸೆಸರ್‌ನಲ್ಲಿದೆ, ನಿಮ್ಮ ಅನುಮಾನ ಸರಿ. ನಿಮ್ಮ ಚಿಪ್‌ನಲ್ಲಿ 14 ಕೋರ್ ಇದ್ದರೂ ಸಿಮ್ಯುಲೇಟರ್‌ನ ಕೆಲಸದಲ್ಲಿ ದೊಡ್ಡ ಪಾಲು ಆ ಒಂದು ಥ್ರೆಡ್ ಮೇಲೇ ಬೀಳುತ್ತದೆ. ಅದು ಮುಗಿಯುವವರೆಗೆ ಉಳಿದವು ಸುಮ್ನೆ ಕಾಯುತ್ತವೆ.

ಆ ಥ್ರೆಡ್ ಕೂಡ ಎಷ್ಟೋ ಹೊತ್ತು ರ್‍ಯಾಮ್‌ನಿಂದ ಡೇಟಾ ಬರಲಿ ಅಂತ ಕಾಯುತ್ತಿರುತ್ತದೆ. 2022ರಲ್ಲಿ ಬಂದ ಎಎಂಡಿಯ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ನೋಡಿ. ಅದರ ಕ್ಲಾಕ್ ಅದೇ ಸರಣಿಯ 5800ಎಕ್ಸ್‌ಗಿಂತ ಕಡಿಮೆ, ಓವರ್‌ಕ್ಲಾಕ್ ಮಾಡಲೂ ಬಿಡುವುದಿಲ್ಲ. ಆದರೂ 96 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗೇ ಇರುವ ವೇಗದ ಮೆಮೊರಿ) ಇರುವುದರಿಂದ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ 5800ಎಕ್ಸ್ ಅನ್ನು ಚೆನ್ನಾಗಿಯೇ ಹಿಂದೆ ಹಾಕಿತು. ಹಾಗಾಗಿ ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಇದೆಯಾ ನೋಡಿ. ಆಫ್ ಇದ್ದರೆ 3600ರ ಡಿಡಿಆರ್4 ರ್‍ಯಾಮ್ 2133ರಲ್ಲೇ ಓಡುತ್ತಿರಬಹುದು. ಆಮೇಲೆ ಸಿಮ್ಯುಲೇಟರ್‌ನಲ್ಲಿ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರ ಎಷ್ಟು ತೋರಿಸಬೇಕು ಅನ್ನುವ ಸೆಟ್ಟಿಂಗ್) 200 ಇದ್ದರೆ 100ಕ್ಕೆ ಇಳಿಸಿ, ಎಐ ಟ್ರಾಫಿಕ್ (ಕಂಪ್ಯೂಟರೇ ಓಡಿಸುವ ಬೇರೆ ವಿಮಾನಗಳು) ಕಡಿಮೆ ಮಾಡಿ. ಹೀಥ್ರೋದಂಥ ಕಡೆ ಇದರಿಂದ ಸಿಗುವ ಫ್ರೇಮ್ 5.4ರಿಂದ ಸಿಗಲಾರದು.

ಇಷ್ಟಾದ ಮೇಲೂ ಏರಿಸುವ ಆಸೆ ಇದ್ದರೆ ಝಡ್ ಸರಣಿಯ ಮದರ್‌ಬೋರ್ಡ್ ಬೇಕು. ಅದಕ್ಕೂ ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಇದನ್ನು ಮರೆಯಬೇಡಿ. 13 ಮತ್ತು 14ನೇ ತಲೆಮಾರಿನ ಚಿಪ್‌ಗಳಲ್ಲಿ ವೋಲ್ಟೇಜ್ ಅತಿಯಾಗಿ ಹೋಗಿ ಹಾಳಾಗುವ ಸಮಸ್ಯೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಹೊಸ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸಾಫ್ಟ್‌ವೇರ್) ಕೊಟ್ಟಿದೆ, ಅದು ಬಯಾಸ್ ಅಪ್‌ಡೇಟ್‌ನಲ್ಲಿ ಬರುತ್ತದೆ. ಕ್ಲಾಕ್ ನಿರ್ಧರಿಸುವ ಮಲ್ಟಿಪ್ಲೈಯರ್ ಅನ್ನು ಒಂದೊಂದೇ ಹೆಜ್ಜೆ ಏರಿಸಿ. ವೋಲ್ಟೇಜ್ ಏರಿಸುವಾಗ ಕೈ ಹಿಡಿತದಲ್ಲಿರಲಿ, ಯಾಕೆಂದರೆ ಬಿಸಿ ವೋಲ್ಟೇಜ್‌ನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. 100 ಡಿಗ್ರಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸುತ್ತದೆ, ಏರಿಸಿದ್ದೆಲ್ಲ ವ್ಯರ್ಥ. ಏಪ್ರಿಲ್ ಮಧ್ಯಾಹ್ನದಲ್ಲಿ ನಿಲ್ಲುವ ಸೆಟ್ಟಿಂಗ್ ಹುಡುಕಿ, ಡಿಸೆಂಬರ್ ರಾತ್ರಿಯದ್ದಲ್ಲ.

ಹತ್ತು ನಿಮಿಷದ ಸ್ಟ್ರೆಸ್ ಟೆಸ್ಟ್ ನಂಬಬೇಡಿ. ನನ್ನದು ಅದರಲ್ಲಿ ಪಾಸಾಗಿತ್ತು. ಮೂರೂವರೆ ಗಂಟೆ ಹಾರಿ, ಚಕ್ರ ಇಳಿಸಿ, ರನ್‌ವೇ ಕಣ್ಣಿಗೆ ಬಿದ್ದಾಗ ಆಟ ಕ್ರ್ಯಾಶ್ ಆಗಿ ಡೆಸ್ಕ್‌ಟಾಪ್‌ಗೆ ಬಂದು ಬಿದ್ದೆ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಡಬ್ಲ್ಯುಎಚ್‌ಇಎ ಎರರ್‌ಗಳ (ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಸಾಲೇ ಇತ್ತು. ಕ್ಲಾಕ್ 0.1 ಇಳಿಸಿದೆ, ಮತ್ತೆ ಹಾಗಾಗಲಿಲ್ಲ.

ಎಫ್‌ಪಿಎಸ್ ಕಿಟಕಿ ಏನು ತೋರಿಸುತ್ತದೆ, ರ್‍ಯಾಮ್ ಯಾವ ವೇಗದಲ್ಲಿದೆ ಅಂತ ಬರೆಯಿರಿ. ಸೆಟ್ಟಿಂಗ್‌ಗಳನ್ನು ಒಟ್ಟಿಗೆ ನೋಡೋಣ.